ಪ್ರಳಯ ಆದಮೇಲಿನ ಊರು

"ಇದೂ ಕುದುರೆ!"

ವಿನಯಾ ಟೀಚರ್ ಡ್ರಾಯಿಂಗ್ ಶೀಟನ್ನು ಎತ್ತಿ ಇಡೀ ಐದನೇ ಕ್ಲಾಸಿಗೆ ತೋರಿಸಿದರು. ಶೀಟಿನ ತುಂಬ ಒಂದು ಕಪ್ಪು ಕುದುರೆ. ಅದರ ಮೇಲೆ ಕತ್ತಿ ಹಿಡಿದ ಮನುಷ್ಯ. ಹಿಂದೆ ಮುರಿದುಬಿದ್ದ ದೊಡ್ಡ ದೊಡ್ಡ ಕಟ್ಟಡಗಳು.

"ಮೇಧಾದು ಕುದುರೆ ಗಾಡಿ. ಪ್ರಜ್ವಲ್‌ದು ಕುದುರೆ. ಬಾಲುದೂ ಕುದುರೆ. ನಾನು ಕೇಳಿದ್ದು ಎಂತ?"

ಮೇಧಾ ಎದ್ದು ನಿಂತು ಪಾಠ ಒಪ್ಪಿಸುವವಳಂತೆ ಹೇಳಿದಳು: "ಪ್ರಳಯ ಆಗಿ ಎಲ್ಲ ಹಾಳಾಗಿದೆ. ಜನ ಮತ್ತೆ ಊರು ಕಟ್ಕೊಂಡಿದ್ದಾರೆ. ಪೆಟ್ರೋಲ್ ಇಲ್ಲ, ಕರೆಂಟ್ ಇಲ್ಲ. ಅವರು ಹೇಗೆ ಓಡಾಡ್ತಾರೆ?"

"ಮತ್ತೆ ಕುದುರೆ ಅಲ್ದೆ ಇನ್ನೆಂತ ಟೀಚರ್?" ಅಂದ ಪ್ರಜ್ವಲ್. "ಗೇಮಲ್ಲಿ ಎಲ್ಲಾ ಹಂಗೇ ಇರೋದು."

"ನಿಮ್ಮಲ್ಲಿ ಯಾರ ಮನೇಲಾದ್ರೂ ಕುದುರೆ ಇದೆಯೇನ್ರೋ? ಹೋಗ್ಲಿ, ಸಾಗರದ ಪೇಟೇಲಿ ಯಾವತ್ತಾದ್ರೂ ಒಂದು ಕುದುರೆ ನೋಡಿದೀರಾ?"

ಬಾಲು ಇಲ್ಲವೆಂದು ತಲೆಯಾಡಿಸಿದ.

"ಮುಗೀತು. ಕುದುರೆ ಕ್ಯಾನ್ಸಲ್. ಪ್ರಳಯದಲ್ಲಿ ಕುದುರೆಗಳೆಲ್ಲ ಸತ್ತುಹೋದ್ವು."

"ಅಯ್ಯೋ, ಪಾಪ ಟೀಚರ್!" ಅಂದ ಬಾಲು. "ಕತ್ತೆ ಉಳ್ಕಂಡಿದಾವಾ?"

"ಒಂದು ಉಳ್ಕಂಡಿದೆ. ಮೂರನೇ ಬೆಂಚಲ್ಲಿ ಕೂತಿದೆ."

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಮೂರನೇ ಬೆಂಚಿನಲ್ಲಿದ್ದ ಬಾಲುವೂ ನಕ್ಕ.

ಶಿಲ್ಪಶ್ರೀ ನಗಲಿಲ್ಲ. ಅವಳ ಶೀಟು ಖಾಲಿ ಇತ್ತು. ಅವಳು ಬೇರೇನೋ ಯೋಚಿಸುತ್ತಿದ್ದಳು. ಮೆಲ್ಲಗೆ ಕೈ ಎತ್ತಿದಳು.

"ಟೀಚರ್, ಮಾಡೆಲ್ ಚೆನ್ನಾಗಿದ್ರೆ ಸಾಗರದ ಎಕ್ಸಿಬಿಷನ್‌ಗೆ ಕಳಿಸ್ತೀರಲ್ಲ, ಅಲ್ಲಿಗೆ ದೊಡ್ಡ ಆಫೀಸರ್ ಬರ್ತಾರಾ?"

"ಬರ್ತಾರೆ. ಒಂದೊಂದೇ ಮಾಡೆಲ್ ನೋಡ್ತಾರೆ. ಎಂತಕ್ಕೆ?"

"ಸುಮ್ನೆ."

ಆದರೆ ಅದು ಸುಮ್ಮನೆ ಆಗಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಶಿಲ್ಪಶ್ರೀ ಮತ್ತು ಬಾಲು ಹಿನ್ನೀರಿನ ದಡಕ್ಕೆ ನಡೆದರು. ಇಬ್ಬರದೂ ಆಚೆ ದಡದ ಹಾರೆಮಕ್ಕಿ. ನಾಲ್ಕಾರು ಮನೆಗಳ ಊರು. ಮೂರು ಕಡೆ ನೀರು, ಹಿಂದೆ ಕಾಡಿನ ಗುಡ್ಡ.

ಮಳೆಗಾಲ ಕಳೆದ ಮೇಲೆ ಒಂದಷ್ಟು ತಿಂಗಳು ತೊಂದರೆ ಇರುವುದಿಲ್ಲ. ನೀರು ತುಂಬಿರುತ್ತದೆ, ದೋಣಿ ಮನೆಯ ಹತ್ತಿರದವರೆಗೂ ಬರುತ್ತದೆ. ಬೇಸಿಗೆ ಬಂತೆಂದರೆ ನೀರು ಇಳಿಯುತ್ತದೆ. ಆಗ ನೀರಿಗೂ ಊರಿಗೂ ನಡುವೆ ಬರೀ ಕೆಸರು. ದೋಣಿ ಅದರ ಮೇಲೆ ಬರುವುದಿಲ್ಲ. ಸೈಕಲ್ಲಿನ ಚಕ್ರ ಅದರೊಳಗೆ ತಿರುಗುವುದಿಲ್ಲ. ಅಕ್ಕಿ ಮೂಟೆ ಬರಬೇಕಾದರೂ, ಗ್ಯಾಸ್ ಸಿಲಿಂಡರ್ ಬರಬೇಕಾದರೂ ಯಾರದಾದರೂ ಹೆಗಲ ಮೇಲೇ ಬರಬೇಕು.

ದೋಣಿಗೆ ಹುಟ್ಟು ಹಾಕುವುದು ಬಾಲುವಿನ ಅಜ್ಜ ಜಟ್ಟಿಂಗಪ್ಪ. ನೀರು ಮುಗಿದಲ್ಲಿ ದೋಣಿ ನಿಂತಿತು. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿಗೆ ಇಳಿದರು. ಹಗುರದ ಮಕ್ಕಳಾದ್ದರಿಂದ ಕೆಸರು ಮೊಣಕಾಲಿನ ಕೆಳಗೇ ನಿಂತಿತು.

"ಪ್ರಜ್ವಲ್ ಇವತ್ತು ಎಂತ ಅಂದ ಗೊತ್ತಾ?" ಅಂದ ಬಾಲು. "ಹೊನ್ನೆಮರಡಿಗೆ ಹೋಗಿದ್ನಂತೆ, ಲೈಫ್ ಜಾಕೆಟ್ ಹಾಕ್ಕಂಡು ಬೋಟಿಂಗ್. ಫುಲ್ ಮಜಾ ಅಂತೆ. ನೀವು ದಿನಾ ಬೋಟಿಂಗ್ ಮಾಡ್ತೀರಿ, ಎಷ್ಟು ಲಕ್ಕಿ ಅಂದ."

"ನೀ ಎಂತ ಅಂದೆ?"

"ಹೌದು ಅಂದೆ. ಮತ್ತೆಂತ ಹೇಳೋದು?"

ಶಿಲ್ಪಶ್ರೀ ಮುಂದೆ ನಡೆದಳು. ಆ ಕೆಸರಿನ ನಡುವೆ ಒಂದು ಜಾಗವನ್ನು ಅವಳು ಯಾವಾಗಲೂ ನೋಡದೆ ದಾಟುತ್ತಿದ್ದಳು.

ಎರಡು ಬೇಸಿಗೆಯ ಹಿಂದೆ ಅಮ್ಮನಿಗೆ ಹೆರಿಗೆ ನೋವು ಬಂದಿತ್ತು. ಕಂಬಳಿಯನ್ನು ಬಿದಿರಿನ ಗಳಕ್ಕೆ ಕಟ್ಟಿ ಜೋಲಿ ಮಾಡಿ, ಅದರಲ್ಲಿ ಅಮ್ಮನನ್ನು ಮಲಗಿಸಿ, ಅಪ್ಪ ಚಂದ್ರಯ್ಯ ಮತ್ತು ಊರ ಗಂಡಸರು ಹೊತ್ತುಕೊಂಡು ಹೊರಟಿದ್ದರು. ಆಂಬುಲೆನ್ಸ್ ಶಾಲೆಯ ಕಡೆಯ ದಡದ ರಸ್ತೆಗೆ ಬಂದು ಕಾಯುತ್ತಿತ್ತು. ಕೆಸರಿನ ನಡುವೆ ಎಲ್ಲರ ಕಾಲೂ ತೊಡೆಯವರೆಗೆ ಹೂತುಹೋಯಿತು. ಗಂಡಸರು ಜೋಲಿ ಹೊತ್ತುಕೊಂಡು ಹಾಗೇ ನಿಂತುಬಿಟ್ಟರು. ಮುಂದೆ ಹೋಗಲಾಗಲಿಲ್ಲ, ಹಿಂದೆ ಬರಲಾಗಲಿಲ್ಲ. ಶಿಲ್ಪಶ್ರೀ ಅಂಗಳದಿಂದ ನೋಡುತ್ತಿದ್ದಳು.

ಅಮ್ಮ ಆಸ್ಪತ್ರೆಯಿಂದ ವಾಪಸು ಬಂದಳು. ತಮ್ಮ ಬರಲಿಲ್ಲ.

ಈಗ ಅಮ್ಮನಿಗೆ ಮತ್ತೆ ದಿನ ತುಂಬುತ್ತಿತ್ತು. ಹೋಳಿ ಹುಣ್ಣಿಮೆ ಕಳೆದ ಮೇಲೆ ಅಂತ ಡಾಕ್ಟರ್ ಹೇಳಿದ್ದರು. ಆಗ ಕೆಸರು ಇನ್ನೂ ಅಗಲವಾಗಿರುತ್ತದೆ. ಮುಂಚೆಯೇ ಹೋಗಿ ಇರೋಣವೆಂದರೆ ಸಾಗರದಲ್ಲಿ ಅವರಿಗೆ ಯಾರೂ ಇರಲಿಲ್ಲ. ಕೋಣಂದೂರಿನ ಮಾವ ಫೋನ್ ಮಾಡಿ, "ಈ ಸಲ ನಮ್ಮನೇಲಿ ಆಗಲ್ಲ ಅಕ್ಕಾ" ಅಂದಿದ್ದ. ಅಮ್ಮ "ಇರ್ಲಿ ಬಿಡಾ" ಅಂದು ಫೋನ್ ಇಟ್ಟಿದ್ದಳು.

ದೊಡ್ಡ ಆಫೀಸರ್ ಒಬ್ಬರು ಒಂದು ಸಲ ನೋಡಿದರೆ ಸಾಕು ಅಂತ ಶಿಲ್ಪಶ್ರೀಗೆ ಅನ್ನಿಸುತ್ತಿತ್ತು. ಇಷ್ಟು ದಿನ ಯಾರೂ ಏನೂ ಮಾಡದೆ ಇದ್ದದ್ದು ಯಾರೂ ನೋಡದೆ ಇದ್ದದ್ದಕ್ಕೇ ಇರಬೇಕು.

ಸಂಜೆ ಅಜ್ಜಿ ಮೂಕಮ್ಮ ಜಗುಲಿಯ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಅಜ್ಜಿ, ಪ್ರಳಯ ಆದ್ಮೇಲೆ ಜನ ಹೆಂಗೆ ಓಡಾಡ್ತಾರೆ?"

"ಎಂತ ಆದ್ಮೇಲೆ?"

"ಪ್ರಳಯ. ನೀರು ಬಂದು ಎಲ್ಲ ಮುಳುಗಿ, ಆಮೇಲೆ ಉಳಿದವ್ರು ಬೇರೆ ಊರು ಕಟ್ಕೊಂಡಿರ್ತಾರೆ. ಟೀಚರ್ ಕೇಳಿದಾರೆ."

ಅಜ್ಜಿ ಎಣ್ಣೆ ಕೈ ಹಾಗೇ ಹಿಡಿದು ಮೊಮ್ಮಗಳ ಮುಖ ನೋಡಿದಳು.

"ನಿನ್ ಟೀಚರ್ ಯಾವೂರವ್ರೆ? ಅದನ್ನ ಯೋಚ್ನೆ ಮಾಡಿ ಹೇಳ್ಬೇಕಾ? ನಂಗಾಗ ನಿನ್ನಷ್ಟೇ ವಯಸ್ಸು. ಡ್ಯಾಮ್ ಕಟ್ಟಿದ್ರು, ನೀರು ಬಂತು. ಗದ್ದೆ ಹೋತು. ಮನೆ ಹೋತು. ಶಾಲೆ ಹೋತು. ನಮ್ಮಪ್ಪ ಎತ್ತಿನ ಗಾಡಿ ಮೇಲೆ ಪಾತ್ರೆ ಪಡಗ ಹಾಕ್ಕಂಡು ಈ ಗುಡ್ಡ ಹತ್ತಿದ. ಹತ್ತಿ ತಿರುಗಿ ನೋಡಿದ್ರೆ ಎಲ್ಲ ಕಡೆ ನೀರು. ದಾರಿ ಇಲ್ದಿದ್ಮೇಲೆ ಗಾಡಿ ಎಂತಕ್ಕೆ? ಗಾಡಿ ಬಿಚ್ಚಿ, ಅದರ ಹಲಗೇಲೇ ಮೊದಲ್ನೇ ದೋಣಿ ಮಾಡ್ದ."

"ಎತ್ತುಗಳು?"

"ಒಂದನ್ನ ಕೊಟ್ವಿ. ಇನ್ನೊಂದು ದಿನಾ ಹೋಗಿ ನೀರು ನೋಡ್ಕಂತ ನಿಂತಿರ್ತಿತ್ತು. ಆಮೇಲೆ ಮೇವು ಬಿಡ್ತು."

"ಕುದುರೆ ಇತ್ತಾ ಅಜ್ಜಿ?"

"ಕುದುರೆ ಎಲ್ಲಿಂದ ತರ್ತೀಯೆ ಮಾರಾಯ್ತಿ! ಭೂತಪ್ಪನ ಕಟ್ಟೇಲಿ ಹರಕೆ ಹೊತ್ತವರು ಇಟ್ಟ ಮಣ್ಣಿನ ಕುದುರೆ ಇದ್ವು. ಅವೂ ಮುಳುಗಿದ್ವು."

ಒಳಗೆ ಅಕ್ಕಿ ಆರಿಸುತ್ತಿದ್ದ ಅಮ್ಮ ನಕ್ಕದ್ದು ಕೇಳಿಸಿತು. ಅಜ್ಜಿ ನಗಲಿಲ್ಲ. ಮತ್ತೆ ಮಂಡಿ ತಿಕ್ಕತೊಡಗಿದಳು.

ಶಿಲ್ಪಶ್ರೀಗೆ ಇನ್ನು ಯೋಚನೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಹೊಸದಾಗಿ ಊರು ಕಟ್ಟಬೇಕಾಗಿಯೂ ಇರಲಿಲ್ಲ. ಅದು ಕಣ್ಣೆದುರೇ ಇತ್ತು.

ಅವಳು ಥರ್ಮೋಕೋಲಿನ ಮೇಲೆ ಗುಡ್ಡ ಮಾಡಿದಳು. ನೀರಿಗೆ ನೀಲಿ ಬಣ್ಣ ಹಚ್ಚಿದಳು. ಕೆಸರಿಗೆ ಬಣ್ಣ ಹಚ್ಚಲಿಲ್ಲ, ದಡದಿಂದ ನಿಜವಾದ ಕೆಸರನ್ನೇ ತಂದು ಬಳಿದಳು. ಬಾಲು ಅಡಿಕೆ ಹಾಳೆ ಕೊಯ್ದು ಪುಟ್ಟ ದೋಣಿ ಮಾಡಿಕೊಟ್ಟ. ಅಜ್ಜಿಯ ಹರಿದ ಕಂಬಳಿಯ ಚೂರಿನಿಂದ ಜೋಲಿ ಆಯಿತು. ಅದರೊಳಗೆ ಬಟ್ಟೆಯ ಗೊಂಬೆ. ಗೊಂಬೆಯ ಹೊಟ್ಟೆಗೆ ಸ್ವಲ್ಪ ಹೆಚ್ಚು ಹತ್ತಿ ತುಂಬಿದಳು.

ವಿನಯಾ ಟೀಚರ್ ಅದನ್ನು ತುಂಬ ಹೊತ್ತು ನೋಡಿದರು. ಅವರು ಈ ವರ್ಷವಷ್ಟೇ ವರ್ಗವಾಗಿ ಬಂದವರು. ಆಚೆ ದಡಕ್ಕೆ ಒಮ್ಮೆಯೂ ಹೋಗಿರಲಿಲ್ಲ.

"ತುಂಬಾ ಚೆನ್ನಾಗಿದೆ ಶಿಲ್ಪಾ. ಆದ್ರೆ ಇದರಲ್ಲಿ ಪರಿಹಾರ ಎಲ್ಲಿ? ಬರೀ ಕಷ್ಟ ತೋರಿಸಿದ್ರೆ ಸಾಲ್ದು. ಜಡ್ಜುಗಳು ಸೊಲ್ಯೂಷನ್ ಕೇಳ್ತಾರೆ."

"ಸೊಲ್ಯೂಷನ್ ಅಂದ್ರೆ?"

"ಈ ಜನ ಕೊನೆಗೆ ಎಂತ ಮಾಡ್ಕೊಂಡ್ರು ಅಂತ. ಒಂದು ಸೇತುವೆ ಮಾಡು. ಹಗ್ಗದ ತೂಗುಸೇತುವೆ."

"ಹೌದು ಮಾರಾಯ್ತಿ," ಅಂದ ಬಾಲು. "ಸೇತುವೆ ಇಲ್ದಿದ್ರೆ ಸೆಲೆಕ್ಟೇ ಆಗಲ್ಲ. ಪ್ರಜ್ವಲ್ ಪೆಡಲ್ ತುಳಿಯೋ ಕಾರ್ ಮಾಡ್ತಿದಾನೆ."

ಸೆಲೆಕ್ಟ್ ಆಗದಿದ್ದರೆ ಆಫೀಸರ್ ನೋಡುವುದಿಲ್ಲ. ಶಿಲ್ಪಶ್ರೀ ಒಪ್ಪಿದಳು.

ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ, ಎರಡೂ ಬದಿಗೆ ನೂಲಿನ ಹಗ್ಗ ಕಟ್ಟಿ, ನಾಲ್ಕು ಸಂಜೆ ಕೂತು ಅವಳು ಸೇತುವೆ ಮಾಡಿದಳು. ಒಂದು ದಡದ ರಸ್ತೆಯಿಂದ ಶುರುವಾದದ್ದು ನೀರನ್ನೂ ಕೆಸರನ್ನೂ ದಾಟಿ ನೇರ ಹಾರೆಮಕ್ಕಿಯ ಅಂಗಳಕ್ಕೆ ಬಂತು. ಉಳಿದದ್ದೆಲ್ಲ ಇದ್ದದ್ದನ್ನು ನೋಡಿ ಮಾಡಿದ್ದು. ಸೇತುವೆಯೊಂದೇ ಇಲ್ಲದ್ದು. ಅದಕ್ಕೇ ಇರಬೇಕು, ಅದೇ ಎಲ್ಲಕ್ಕಿಂತ ಚೆಂದ ಬಂದಿತ್ತು.

ಅಮ್ಮ ಪಕ್ಕದಲ್ಲಿ ಬಂದು ಕೂತಳು. ತೋರುಬೆರಳು ಮತ್ತು ನಡುಬೆರಳನ್ನು ಕಾಲುಗಳಂತೆ ಮಾಡಿ ಸೇತುವೆಯ ಮೇಲೆ ಮೆಲ್ಲಗೆ ನಡೆಸಿದಳು. ಆಚೆ ದಡ ಮುಟ್ಟಿದ ಮೇಲೆ ಬೆರಳುಗಳನ್ನು ಮಡಚಿಕೊಂಡಳು.

"ಕಾಲಿಗೆ ಒಂಚೂರೂ ಕೆಸರು ಹತ್ತಿಲ್ಲ ನೋಡು," ಅಂದಳು.

ಸಾಗರದ ಎಕ್ಸಿಬಿಷನ್ ಒಂದು ದೊಡ್ಡ ಹಾಲಿನಲ್ಲಿತ್ತು. ಗೋಡೆಯುದ್ದಕ್ಕೂ ಬೆಂಚು, ಬೆಂಚಿನ ತುಂಬ ಮಾಡೆಲ್‌ಗಳು. ಬಲೂನಿನ ಬಸ್ಸು, ಗಾಳಿಪಟದ ಗಾಡಿ, ಪ್ರಜ್ವಲ್‌ನ ಪೆಡಲ್ ಕಾರು. ಯಾವುದೋ ಶಾಲೆಯವರು ಕುದುರೆಯನ್ನೂ ತಂದಿದ್ದರು.

"ಅವ್ರ ಟೀಚರ್ ಕ್ಯಾನ್ಸಲ್ ಮಾಡಿಲ್ಲ ಕಾಣ್ತದೆ," ಅಂದ ಬಾಲು.

ಶಿಲ್ಪಶ್ರೀಗೆ ನಗು ಬರಲಿಲ್ಲ. ಅವಳು ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಸರ್, ಇದು ಕತೆ ಅಲ್ಲ ಸರ್. ಇದು ನಮ್ಮೂರು ಸರ್. ಜೋಲಿಯಲ್ಲಿ ಇರೋದು ನಮ್ಮಮ್ಮ ಸರ್.

ಆಫೀಸರ್ ಬಂದರು. ಬಿಳಿ ಶರ್ಟು, ಕುತ್ತಿಗೆಯಲ್ಲಿ ಶಾಲು, ಮುಖದ ತುಂಬ ನಗು. ಅವರ ಹಿಂದೆ ಮೊಬೈಲ್ ಹಿಡಿದ ಐದಾರು ಜನ. ಒಂದೊಂದೇ ಬೆಂಚಿನ ಮುಂದೆ ನಿಂತು, ಮಕ್ಕಳ ತಲೆ ಸವರಿ, ಮುಂದೆ ಬರುತ್ತಿದ್ದರು. ಕೆಟ್ಟವರಂತೆ ಕಾಣಲಿಲ್ಲ.

"ಇದೇನಮ್ಮ?"

"ಪ್ರಳಯ ಆದ್ಮೇಲಿನ ಊರು ಸರ್. ಇಲ್ಲಿ ಕುದುರೆ ಇಲ್ಲ ಸರ್. ನೀರಿದ್ದಾಗ ದೋಣಿ, ಕೆಸರಿದ್ದಾಗ ಜೋಲಿ..."

"ಜೋಲಿಯಲ್ಲಿ ಯಾರು ಮಲಗಿರೋದು?"

"ಅಮ್ಮ ಸರ್. ಅವ್ರನ್ನ ಆಸ್ಪತ್ರೆಗೆ..."

"ಓಹೋ, ಪಾಪ." ಆಫೀಸರ್ ಬಗ್ಗಿ ನೋಡಿದರು. ಆಮೇಲೆ ಅವರ ಮುಖ ಅರಳಿತು. "ಆದ್ರೆ ಸೇತುವೆ ಕಟ್ಕೊಂಡಿದ್ದಾರಲ್ಲ! ಇನ್ನು ಇವರಿಗೆ ತೊಂದ್ರೆ ಇಲ್ಲ ಬಿಡು."

ಹಿಂದೆ ಇದ್ದವರೆಲ್ಲ ನಕ್ಕರು.

"ಸರ್, ಸೇತುವೆ ಇಲ್ಲ ಸರ್."

"ಇಲ್ಲೇ ಇದೆಯಲ್ಲಮ್ಮ." ಅವರು ಬೆರಳಿನಿಂದ ಸೇತುವೆಯನ್ನು ಒತ್ತಿ ನೋಡಿದರು. "ಗಟ್ಟಿಯಾಗೇ ಇದೆ. ನೋಡಿ, ಜನ ಸರ್ಕಾರವನ್ನ ಕಾಯದೆ ತಾವೇ ಮಾಡ್ಕೊಂಡಿದ್ದಾರೆ. ಒಳ್ಳೇ ಕಲ್ಪನೆ!"

"ಅದು ಆಮೇಲೆ ಅಂಟಿಸಿದ್ದು ಸರ್. ನಮ್ಮೂರಲ್ಲಿ..."

"ಪುಟ್ಟಿ, ಈ ಕಡೆ ನೋಡು, ಫೋಟೋ," ಅಂದ ಮೊಬೈಲ್ ಹಿಡಿದವನೊಬ್ಬ. ಅವಳು ಆ ಕಡೆ ನೋಡಿದಳು. ಮತ್ತೆ ತಿರುಗುವಷ್ಟರಲ್ಲಿ ಆಫೀಸರ್ ಪೆಡಲ್ ಕಾರಿನ ಮುಂದೆ ನಿಂತಿದ್ದರು. ಪ್ರಜ್ವಲ್ ಪೆಡಲ್ ತಿರುಗಿಸಿದ. ಪುಟ್ಟ ಬಲ್ಬು ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಶಿಲ್ಪಶ್ರೀ ಸೇತುವೆಯನ್ನು ಕಿತ್ತುಹಾಕಲು ನೋಡಿದಳು. ಬರಲಿಲ್ಲ. ಗಟ್ಟಿಯಾಗೇ ಅಂಟಿಸಿದ್ದಳು.

"ಏ, ಎಂತ ಮಾಡ್ತಿದೀಯೆ?" ಟೀಚರ್ ಓಡಿಬಂದು ಅವಳ ಕೈ ಹಿಡಿದರು.

"ಟೀಚರ್, ಅವ್ರು ಸೇತುವೆ ಇದೆ ಅಂದ್ಕೊಂಡ್ರು."

"ಇದ್ದೇ ಇದೆಯಲ್ಲ, ನಾವೇ ಮಾಡಿದ್ದು..."

"ನಮ್ಮೂರಲ್ಲಿ ಇಲ್ಲ ಟೀಚರ್. ಅಮ್ಮಂಗೆ ಹೋಳಿ ಹುಣ್ಣಿಮೆ ಆದ್ಮೇಲೆ ಅಂತ ಹೇಳಿದಾರೆ."

ಟೀಚರ್ ಗೊಂಬೆಯ ಹೊಟ್ಟೆ ನೋಡಿದರು. ಆಮೇಲೆ ಶಿಲ್ಪಶ್ರೀಯ ಮುಖ ನೋಡಿದರು. ಅವರ ಕೈ ಸಡಿಲವಾಯಿತು. "ಇರು, ಬಂದೆ" ಅಂದವರೇ ಜನರ ನಡುವೆ ನುಗ್ಗಿಕೊಂಡು ಬಾಗಿಲಿನತ್ತ ಹೋದರು. ಹೊರಗೆ ಜೀಪು ಹೊರಟ ಸದ್ದು ಕೇಳಿಸಿತು. ಟೀಚರ್ ಒಬ್ಬರೇ ವಾಪಸು ಬಂದರು. ಬೆಂಚಿನ ತುದಿಯಲ್ಲಿ ಕೂತರು, ಅಷ್ಟೆ.

ಮಾಡೆಲ್ಲಿಗೆ ಎರಡನೇ ಬಹುಮಾನ ಬಂತು. ಮೈಕಿನಲ್ಲಿ "ಅದ್ಭುತ ಕಲ್ಪನಾಶಕ್ತಿ" ಅಂದರು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಪಾದಗಳು ಬಾತುಕೊಂಡಿದ್ದವು.

"ಎಂತ ಅಂದ್ರು?"

"ಚೆನ್ನಾಗಿದೆ ಅಂದ್ರು."

"ಮತ್ತೆ?"

"ಅಷ್ಟೇ."

ಅಮ್ಮ "ಕೈಕಾಲು ತೊಳ್ಕೊ, ಊಟ ಮಾಡು" ಅಂದಳು. ಮತ್ತೆ ಅದರ ಮಾತೆತ್ತಲಿಲ್ಲ. ಅಜ್ಜಿಯಂತೂ ಏನನ್ನೂ ಕೇಳಲೇ ಇಲ್ಲ. ಅದು ಶಿಲ್ಪಶ್ರೀಗೆ ವಿಚಿತ್ರವಾಗಿ ಕಂಡಿತು. ಹೋಗುವಾಗಲೂ ಅಜ್ಜಿ "ಹುಷಾರು" ಅಂತ ಮಾತ್ರ ಹೇಳಿದ್ದಳು. ಆಫೀಸರ್ ಬರುತ್ತಾರೆ ಅಂತ ಅಜ್ಜಿ ಒಂದು ದಿನವೂ ನಂಬಿರಲಿಲ್ಲವೇನೋ.

ಮರುದಿನ ಭಾನುವಾರ. ಅಂಗಳದಲ್ಲಿ ಅಪ್ಪ ಮತ್ತು ಜಟ್ಟಿಂಗಪ್ಪಜ್ಜ ಜೋಲಿಗೆ ಹೊಸ ಗಳ ಕೆತ್ತುತ್ತಿದ್ದರು.

"ಹೋದ ಸಲ ನೆಟ್ಟಗೆ ಹೋಗಿದ್ದೇ ತಪ್ಪಾತು ಚಂದ್ರಾ," ಅಂದ ಜಟ್ಟಿಂಗಪ್ಪಜ್ಜ. "ಬೇಗ ಮುಟ್ಟಬೇಕು ಅಂತ ಸೀದಾ ದೋಣಿ ಕಡೆ ನಡೆದ್ವಿ. ಅಲ್ಲಿ ಮುಂಚೆ ಗದ್ದೆ ಇತ್ತು. ಗದ್ದೆ ಮಣ್ಣು ಕಾಲು ಬಿಡ್ತದಾ?"

"ಹಳೇ ಗಾಡಿ ದಾರಿ ಬಿಡಬ್ಯಾಡಿ ಅಂತ ನಾನು ಬಡ್ಕಂಡೆ," ಅಂದಳು ಅಜ್ಜಿ. "ಜ್ವರ ಬಂದು ಮಲಗಿದ್ದೆ. ಮಲಗಿದವಳ ಮಾತು ಯಾರು ಕೇಳ್ತಾರೆ?"

ಅಪ್ಪ ತಲೆ ಎತ್ತದೆ ಕೆತ್ತುತ್ತಲೇ ಇದ್ದ.

ಕೆಸರಿನ ಕೆಳಗೆ ಒಂದು ದಾರಿ ಇದೆ ಅನ್ನುವುದು ಶಿಲ್ಪಶ್ರೀಗೆ ಗೊತ್ತಾದದ್ದು ಆಗಲೇ. ನೀರು ಬರುವುದಕ್ಕಿಂತ ಮುಂಚಿನ ಗಾಡಿ ದಾರಿ. ಕಲ್ಲು ಹಾಸಿದ್ದು. ಅದು ಸುತ್ತಿಕೊಂಡು ಹೋಗುತ್ತದೆ, ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಅದರ ಮೇಲೆ ಕಾಲು ಹೂತುಹೋಗುವುದಿಲ್ಲ. ಜೋಲಿಯ ಮುಂದೆ ಒಬ್ಬರು ಕೋಲಿನಿಂದ ಚುಚ್ಚಿ ಚುಚ್ಚಿ ಕಲ್ಲು ಹುಡುಕುತ್ತ ನಡೆಯಬೇಕು. ಮೊದಲೆಲ್ಲ ಯಾವ ಜೋಲಿ ಹೊರಟರೂ ಅಜ್ಜಿಯೇ ಹಾಗೆ ನಡೆಯುತ್ತಿದ್ದಳು. ಈಗ ಅಜ್ಜಿಯ ಮಂಡಿ ಮಡಚುವುದಿಲ್ಲ.

"ಹಗುರ ಇರೋರು ಬೇಕು," ಅಂದಳು ಅಜ್ಜಿ. "ಹುಡುಗೀಗೆ ಕಲಿಸ್ತೀನಿ."

ಅಪ್ಪ ಬೇಡ ಅನ್ನಬಹುದು ಅಂತ ಶಿಲ್ಪಶ್ರೀ ಕಾದಳು. ಅಪ್ಪ ಒಳಗೆ ಹೋಗಿ ಹಗ್ಗ ತಂದ. ಅವಳ ಸೊಂಟಕ್ಕೆ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಕೈಗೆ ಸುತ್ತಿಕೊಂಡ.

ಅಜ್ಜಿಯನ್ನು ದಡದ ಒಂದು ಮರದ ಬೊಡ್ಡೆಯ ಮೇಲೆ ಕೂರಿಸಿದರು. ಬಿಸಿಲು ಇಳಿಯುತ್ತಿತ್ತು. ಎದುರಿಗೆ ಕೆಸರು ಬೂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು.

"ಅಲ್ಲೇ, ಆ ಮರದ ಕುಂಟೆಯ ಹತ್ರ ಚುಚ್ಚು."

ಶಿಲ್ಪಶ್ರೀ ಕೋಲು ಇಳಿಸಿದಳು. ಟಕ್. ಕಲ್ಲು! ಅವಳು ಕಾಲಿಟ್ಟಳು. ಹಿಮ್ಮಡಿಯಷ್ಟೇ ಮುಳುಗಿತು.

"ಸಿಕ್ತು ಅಜ್ಜಿ!"

"ಹಂಗೇ ನಡಿ. ನಿನ್ನ ಬಲಕ್ಕೆ ನಮ್ಮನೆ. ದನದ ಹಟ್ಟಿ ದಾಟಿದ ಕೂಡ್ಲೇ ದಾರಿ ಎಡಕ್ಕೆ ತಿರುಗ್ತದೆ. ಮಾವಿನ ಮರದ ಬುಡದಲ್ಲಿ."

ಬಲಕ್ಕೆ ಮನೆ ಇರಲಿಲ್ಲ. ಮಾವಿನ ಮರವೂ ಇರಲಿಲ್ಲ. ಎಲ್ಲ ಕಡೆ ಒಂದೇ ಥರದ ಕೆಸರು. ಆದರೂ ಅಜ್ಜಿ ಹೇಳಿದ ಕಡೆಯೆಲ್ಲ ಕೋಲು ಟಕ್ ಅನ್ನುತ್ತಿತ್ತು. ಟಕ್. ಮತ್ತೆ ಟಕ್. ಅವಳು ಎಡಕ್ಕೆ ತಿರುಗಿದಳು. ದಡ ಹಿಂದೆ ಉಳಿಯಿತು. ಅಪ್ಪ ದಡದಲ್ಲಿ ನಿಂತು ಹಗ್ಗ ಬಿಡುತ್ತ ಹೋದ.

ಇನ್ನೊಂದು ಹೆಜ್ಜೆ ಮುಂದೆ ಕೋಲು ಇಳಿಸಿದಳು. ಕೋಲು ಇಳಿಯಿತು. ಇಳಿಯುತ್ತಲೇ ಹೋಯಿತು.

"ಅಜ್ಜಿ, ಇಲ್ಲಿ ಕಲ್ಲಿಲ್ಲ."

"ಸ್ವಲ್ಪ ಆಚೆ ನೋಡು."

ಆಚೆಯೂ ಇರಲಿಲ್ಲ.

"ಈಚೆ ನೋಡು."

ಈಚೆಯೂ ಇರಲಿಲ್ಲ. ಅವಳು ತಿರುಗಿ ನೋಡಿದಳು. ಅಜ್ಜಿ ಕೈಯನ್ನು ಮುಂದೆ ಚಾಚಿದ್ದಳು. ಆ ಕೈ ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಮಡಿಲಿಗೆ ಇಳಿಯಿತು.

ಅಪ್ಪನಿಗೆ ಅದು ಕಾಣಲಿಲ್ಲ. ಅವನು ಅಜ್ಜಿಗೆ ಬೆನ್ನು ಹಾಕಿ, ಹಗ್ಗ ಹಿಡಿದು, ಮಗಳನ್ನೇ ನೋಡುತ್ತ ನಿಂತಿದ್ದ.

ಮೇಲೆ ಬಾಗಿಲಲ್ಲಿ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಎಂತ ಆತೇ? ಸಿಕ್ತಾ?" ಅಪ್ಪ ಕೇಳಿದ.

ಶಿಲ್ಪಶ್ರೀ ಬಾಯಿ ತೆರೆದಳು. ಅಜ್ಜಿ ಅವಳನ್ನು ನೋಡುತ್ತಿರಲಿಲ್ಲ. ಕೆಸರಿನ ಮೇಲೆ ಎಲ್ಲೋ ಏನನ್ನೋ ಹುಡುಕುತ್ತಿದ್ದಳು.

"ಹುಡುಕ್ತಿದೀನಿ ಅಪ್ಪಾ," ಅಂದಳು.

ಅವಳು ಕೋಲನ್ನು ಎರಡೂ ಕೈಯಿಂದ ಎಳೆದು ತೆಗೆದಳು. ಸ್ವಲ್ಪ ಎಡಕ್ಕೆ ಬಗ್ಗಿ ಮತ್ತೆ ಚುಚ್ಚಿದಳು.